ಹಿತ್ತಲಿಗೆ ಬರಬೇಡ ಎಂದ ಹೊಂಬಾಳಮ್ಮ

ಬೆಳಕವಾಡಿಯ ಹೊಂಬಾಳಮ್ಮ ನಾಟಿಗೆ, ಕಳೆ ಕೀಳುವುದಕ್ಕೆ ಎಲ್ಲರಂತೆ ಗದ್ದೆಗೆ ಹೋಗಿಬರುತ್ತಿದ್ದಳು. ಮನಸ್ಸಿದ್ದದ್ದು ಮಾತ್ರ ಮನೆಯ ಹಿಂದಿನ ಹಿತ್ತಲಿನಲ್ಲಿ. ಅಲ್ಲಿ ಬದನೆ, ಹೀರೆ, ಚಪ್ಪರದವರೆ, ಮೂಲೆಯಲ್ಲಿ ಒಂದಿಷ್ಟು ಗೆಣಸು. ಯುದ್ಧ ಶುರುವಾಗಿ ಅಕ್ಕಿಗೆ ತತ್ವಾರ ಬಂದ ಮೇಲೆ ಆ ಹಿತ್ತಲಿನ ಬೆಲೆ ಅವಳ ಗಂಡ ಶಿವಣ್ಣನಿಗೂ ತಿಳಿಯಿತು. ಮನೆಯ ಸಾರಿಗೆ ಸಾಕಾಗಿ ಮಿಕ್ಕಿದ್ದನ್ನು ಅವಳು ಕುಕ್ಕೆಯಲ್ಲಿ ಹೊತ್ತು ಮಳವಳ್ಳಿ ಸಂತೆಗೆ ಒಯ್ಯುತ್ತಿದ್ದಳು.

ಬೆಳಗ್ಗೆ ಇಬ್ಬನಿ ಆರುವ ಮುನ್ನ ಎಲೆಗಳ ಮೇಲೆ ಒಲೆಯ ಬೂದಿ ಎರಚುವಳು. ಬಾಡಿದ ಬದನೆ ಕುಡಿ ಕಂಡರೆ ಚಿವುಟಿ, ಒಳಗಿನ ಹುಳುವಿನ ಸಮೇತ ಬೆಂಕಿಗೆ ಹಾಕುವಳು. ಇದನ್ನೆಲ್ಲ ಸಿಟ್ಟಿಲ್ಲದೆ, ಮಗುವಿನ ತಲೆ ಬಾಚುವವಳ ಹಾಗೆ ಮಾಡುತ್ತಿದ್ದಳು.

ಒಂದು ಮಾಗಿಯಲ್ಲಿ ಮೋಡ ಕವಿದುಕೊಂಡು, ಅವರೆಯ ಹೂಗೊಂಚಲಿಗೆಲ್ಲ ಕಪ್ಪು ಹೇನು ಮುತ್ತಿತು. ಬೂದಿಗೆ ಅದು ಬಗ್ಗಲಿಲ್ಲ. ಶಿವಣ್ಣನಿಗೆ ಹೊಸ ಉಪಾಯಗಳೆಂದರೆ ಆಸೆ. ಸಂತೆಯಲ್ಲಿ ಯಾರೋ ಹೇಳಿದರೆಂದು ಹೊಗೆಸೊಪ್ಪಿನ ದಂಟು ತಂದು ಹಳೇ ಮಡಕೆಯಲ್ಲಿ ಕುದಿಸಿದ.

“ಒಂದ್ಸಲ ಚಿಮುಕ್ಸುದ್ರೆ ಸಾಕು, ಒಂದ್ ಉಳಾನೂ ಉಳಿಯಾಕಿಲ್ಲ.”

“ಆ ಘಾಟ್ಗೆ ನಂಗೇ ತಲೆ ಸುತ್ತುತದೆ. ಮಿಕ್ಕಿದ್ನ ದೂರ ಚೆಲ್ಬುಟ್ಟು ಬಾ” ಎಂದಳು ಹೊಂಬಾಳಮ್ಮ.

ಹೇನು ಸತ್ತದ್ದು ನಿಜ. ಅವಳೇ ಗೊಂಚಲುಗಳನ್ನು ತಿರುವಿ ನೋಡಿ ತಲೆದೂಗಿದಳು. ಆದರೆ ಶಿವಣ್ಣ ಮಿಕ್ಕ ನೀರನ್ನು ಚೆಲ್ಲಿರಲಿಲ್ಲ. ಇನ್ನೊಂದು ಸಲಕ್ಕೆ ಬೇಕಾದೀತೆಂದು ಕಲಗಚ್ಚಿನ ಬಾನಿಗೆ ಸುರಿದಿಟ್ಟಿದ್ದ. ಮಾರನೆಯ ಬೆಳಗ್ಗೆ ಕೊಟ್ಟಿಗೆಯಲ್ಲಿದ್ದ ಹೆಣ್ಣುಗರು ಹಗ್ಗ ಬಿಡಿಸಿಕೊಂಡು ಬಂದು, ದಿನವೂ ಕುಡಿಯುವ ಬಾನಿಯೆಂದು ಬಾಯಿ ಹಾಕಿತು. ನೋಡನೋಡುತ್ತಿದ್ದಂತೆ ಅದರ ಕಾಲು ನಡುಗಿ, ಬಾಯಲ್ಲಿ ನೊರೆ ಬಂತು. ಬಿಸಿಲೇರುವಷ್ಟರಲ್ಲಿ ಸತ್ತುಹೋಯಿತು.

ಹೊಂಬಾಳಮ್ಮ ಕೂಗಾಡಲಿಲ್ಲ. ಕರುವನ್ನು ಹೂಳಿ ಬಂದ ಗಂಡನಿಗೆ ಕೈಕಾಲು ತೊಳೆಯಲು ನೀರು ಕೊಟ್ಟು, “ಇನ್ಮ್ಯಾಕೆ ಇತ್ಲಿಗೆ ಬರ್ಬ್ಯಾಡ ನೀನು” ಎಂದಳು. ಅವನು ತಲೆ ತಗ್ಗಿಸಿದ.

ಮನೆಯೊಳಗೆ ಮಾತುಕತೆ ಎಂದಿನಂತೆಯೇ ಇತ್ತು. ಹಿತ್ತಲ ಬಾಗಿಲಿಗೆ ಬಂದರೆ ಮಾತ್ರ ಅವನು ನಿಂತುಬಿಡುತ್ತಿದ್ದ. ಬಾವಿಯಿಂದ ತಂದ ಕೊಡವನ್ನು ಹೊಸ್ತಿಲ ಈಚೆಗೇ ಇಳಿಸುವನು. ಅವಳು ಎತ್ತಿಕೊಂಡು ಹೋಗಿ ಗಿಡಗಳಿಗೆ ಹೊಯ್ಯುವಳು. ಪಕ್ಕದ ಮನೆಯ ಪಟ್ಟಲಮ್ಮ ನೋಡಿ ನೋಡಿ ಸಾಕಾಗಿ, “ಬೇಕಂತ ಮಾಡಿದ್ನಾ? ಬುಟ್ಬುಡು ಕಣಮ್ಮ” ಎಂದಳು.

“ನಾನೇನ್ ಬೈದಿದ್ದೀನಾ?” ಎಂದು ಹೊಂಬಾಳಮ್ಮ ಕಳೆ ಕೀಳತೊಡಗಿದಳು.

ಹೀಗೇ ವರ್ಷ ಕಳೆಯಿತು. ಗೆಣಸು ಬಲಿಯುವ ಹೊತ್ತಿಗೆ ಹೆಗ್ಗಣ ಬಿತ್ತು. ಬೆಳಗಾದರೆ ಬಳ್ಳಿಯ ಬುಡದಲ್ಲಿ ಹೊಸ ಮಣ್ಣಿನ ಗುಡ್ಡೆ, ಅರ್ಧ ತಿಂದ ಗೆಣಸು. ಅವಳು ಬಿಲಕ್ಕೆ ನೀರು ಹೊಯ್ದಳು, ಮುಳ್ಳು ತುರುಕಿದಳು. ಹೆಗ್ಗಣ ಪಕ್ಕದಲ್ಲೇ ಇನ್ನೊಂದು ತೋಡಿತು. ಕೊನೆಗೊಂದು ಬೆಳಗ್ಗೆ ಹುಲ್ಲಿಗೆ ಒಣಮೆಣಸಿನಕಾಯಿ ಸೇರಿಸಿ ಬಿಲದ ಬಾಯಲ್ಲಿ ಹೊಗೆ ಹಾಕಿ, ದೊಣ್ಣೆ ಹಿಡಿದು ಕಾದಳು. ಏನೂ ಹೊರಬರಲಿಲ್ಲ. ಅವಳಿಗೇ ಕೆಮ್ಮು ಹತ್ತಿತು.

ಬೇಲಿಯಾಚೆ ಓಣಿಯಿಂದ ಶಿವಣ್ಣ ಕೂಗಿದ: “ಒಗೆ ಈ ಕಡೀಕೆ ಬತ್ತಾ ಅದೆ! ಬೇಲಿ ಬುಡದಾಗೆ ಇನ್ನೊಂದ್ ಬಿಲ ಅದೆ!”

ಅವಳು ಬಿಲದ ಬಾಯಿಗೆ ಇನ್ನೊಂದು ಹಿಡಿ ಹುಲ್ಲು ತುರುಕಿದಳು. ಅಷ್ಟರಲ್ಲಿ ಓಣಿಯಲ್ಲಿ ದಡಬಡ ಸದ್ದಾಯಿತು. ಅವನ ದೊಣ್ಣೆ ಎರಡು ಸಲ ನೆಲಕ್ಕೆ ಬಡಿಯಿತು. ಸ್ವಲ್ಪ ಹೊತ್ತಿಗೆ ಶಿವಣ್ಣ ಹೆಗ್ಗಣದ ಬಾಲ ಹಿಡಿದು ಬೇಲಿಯ ಮೇಲೆತ್ತಿ ತೋರಿಸಿದ. ಅವನ ಪಂಚೆಯೆಲ್ಲ ಕೆಸರಾಗಿತ್ತು.

“ಬಿಸಾಕದ್ನ” ಎಂದಳು. ಹೊಗೆಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಸೆರಗಿನಿಂದ ಒರೆಸಿಕೊಂಡು, “ಒಳಕ್ ಬಂದು ಈ ಬಿಲ್ಗೊಳಿಗೆ ಕಲ್ ಮೆಟ್ಟು. ನನ್ ಕೈಲಿ ಆಗಾಕಿಲ್ಲ” ಎಂದಳು.

ಶಿವಣ್ಣ ಬೇಲಿ ದಾಟಲಿಲ್ಲ. ಮನೆಯನ್ನು ಸುತ್ತಿಕೊಂಡು ಬಂದು, ಹಿತ್ತಲ ಬಾಗಿಲಿನಿಂದಲೇ ಇಳಿದ. ಅವನು ಕಲ್ಲು ಜಡಿಯುತ್ತಿದ್ದಾಗ ಅವಳು ಹೆಗ್ಗಣ ಕಚ್ಚಿದ ಭಾಗ ಕೊಯ್ದು ತೆಗೆದು, ಚೆನ್ನಾಗಿದ್ದ ಗೆಣಸನ್ನೆಲ್ಲ ಬೇಯಿಸಲು ಆರಿಸಿಕೊಂಡಳು.