ನೋಡದೆ ಹಾಕಿದ ಸಹಿ

ನಮ್ಮ ಏರ್‌ಫೋರ್ಸ್ ಮಾಮನಿಗೆ ಬಲಗಿವಿ ಕೇಳಿಸುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ ಕತ್ತನ್ನು ತುಸು ಹೊರಳಿಸಿ ಎಡಗಿವಿ ಮುಂದೆ ಮಾಡುತ್ತಿದ್ದರು. ಕಣ್ಣು ಮಾತ್ರ ಎದುರಿನವರ ತುಟಿಯ ಮೇಲೆ. ಹದಿನೈದು ವರ್ಷ ವಿಮಾನದ ಇಂಜಿನ್ನಿನ ಪಕ್ಕ ನಿಂತದ್ದಕ್ಕೆ ಸಿಕ್ಕ ಬಹುಮಾನ ಅದು ಎನ್ನುತ್ತಿದ್ದರು. ತಿಪಟೂರಿನವರು. ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡುತ್ತಿದ್ದು, ನಿವೃತ್ತರಾದ ಮೇಲೆ ಜಯನಗರದ ನಮ್ಮ ಮನೆಯ ಹಿಂಭಾಗದಲ್ಲಿ ಒಬ್ಬರೇ ಬಾಡಿಗೆಗಿದ್ದರು. ಸಂಬಂಧವೇನೂ ಇಲ್ಲ, ಆದರೂ ನನಗೆ ಮಾಮ.

ಅವರು ಬೀಗ ಹಾಕುವುದನ್ನು ನೋಡಬೇಕಿತ್ತು. "ಸ್ಟೋವ್ ಆಫ್. ನಲ್ಲಿ ಆಫ್. ಕಿಟಕಿ ಹಾಕಿದೆ" ಎಂದು ಒಂದೊಂದನ್ನೂ ಮುಟ್ಟಿ ಗಟ್ಟಿಯಾಗಿ ಹೇಳುವುದು, ಬೀಗವನ್ನು ಮೂರು ಸಲ ಜಗ್ಗುವುದು, ಬಸ್‌ಸ್ಟಾಪ್ ತನಕ ಹೋದವರು ವಾಪಸ್ ಬಂದು ಮತ್ತೆ ಜಗ್ಗುವುದು. "ನಿಮ್ಮನೇಲಿ ಕದಿಯೋಕೆ ಏನಿದೆ ಮಾಮ, ಕಳ್ಳನೇ ಏನಾದ್ರೂ ಇಟ್ಟು ಹೋಗ್ಬೇಕು" ಎಂದು ಛೇಡಿಸುತ್ತಿದ್ದೆ. ನನ್ನ ನಾಲಿಗೆಗೆ ಆಗ ಲಂಗುಲಗಾಮು ಇರಲಿಲ್ಲ. ಅವರು ನಕ್ಕು ಬೀಗವನ್ನು ಇನ್ನೊಂದು ಸಲ ಜಗ್ಗುತ್ತಿದ್ದರು.

ಎಂಬತ್ತರ ಸುಮಾರಿಗೆ ನನಗೆ ಬೊಮ್ಮನಹಳ್ಳಿ ಕಡೆ ಕರೆಂಟ್ ಇಸ್ತ್ರಿಪೆಟ್ಟಿಗೆ ಮಾಡುವ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಕ್ಕಿತು. ಪ್ರತಿ ಪೆಟ್ಟಿಗೆಗೂ ಕರೆಂಟ್ ಕೊಟ್ಟು, ಶಾಕ್ ಹೊಡೆಯುವುದಿಲ್ಲವೆಂದು ನೋಡಿ, 'ಪರೀಕ್ಷಿಸಲಾಗಿದೆ' ಎಂಬ ಚೀಟಿಗೆ ಸಹಿ ಹಾಕಿ ಡಬ್ಬದೊಳಗೆ ಇಡುವುದು ನನ್ನ ಕೆಲಸ. ತಿಂಗಳ ಕೊನೆಗೆ ಮಾಲು ಹೊರಡುವ ಅವಸರ. ನಾವು ಹುಡುಗಿಯರೆಲ್ಲ ಚೀಟಿಗಳನ್ನು ಮನೆಗೆ ತಂದು ಮೊದಲೇ ಸಹಿ ಹಾಕಿಟ್ಟುಕೊಳ್ಳುತ್ತಿದ್ದೆವು. ಹಾಗಾಗಿ ಎಷ್ಟೋ ಪೆಟ್ಟಿಗೆಗಳು ಪರೀಕ್ಷೆಯಿಲ್ಲದೆಯೇ ಡಬ್ಬ ಸೇರುತ್ತಿದ್ದವು.

ಒಂದು ಭಾನುವಾರ ಮೆಟ್ಟಿಲ ಮೇಲೆ ಕೂತು ಸಹಿ ಹಾಕುತ್ತಿದ್ದೆ. ಮಾಮ ಬಂದು ಒಂದು ಚೀಟಿ ಎತ್ತಿ ಓದಿದರು.

"ಪೆಟ್ಟಿಗೆ ಎಲ್ಲಮ್ಮ?"

"ಇನ್ನೂ ತಯಾರೇ ಆಗಿಲ್ಲ ಮಾಮ. ಎಲ್ರೂ ಹಿಂಗೇ ಮಾಡೋದು."

ಇಡೀ ಕಟ್ಟನ್ನು ಕಿತ್ತುಕೊಂಡು ಹರಿದುಹಾಕಿಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. "ನನ್ನ ಕೆಲಸ ಹೋದ್ರೆ ನೀವು ಕೊಡಿಸ್ತೀರಾ? ಬರೀ ಒಂದು ಸೈನಿಗೆ ಯಾರ ಪ್ರಾಣ ಹೋಗುತ್ತೆ?" ಎಂದು ಬಾಯಿಗೆ ಬಂದಂತೆ ಅಂದೆ.

ಮಾಮ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಹರಿದ ಚೂರುಗಳನ್ನು ಆಯುತ್ತ ಹೇಳಿದರು. ಎಪ್ಪತ್ತೊಂದರ ಯುದ್ಧದಲ್ಲಿ ಅವರಿದ್ದದ್ದು ಮರುಭೂಮಿಯ ಅಂಚಿನ ಒಂದು ವಿಮಾನನೆಲೆಯಲ್ಲಿ. ಸುತ್ತ ಊರಿಲ್ಲ, ಮರವಿಲ್ಲ. ಕುಡಿಯುವ ಟೀಯಲ್ಲೂ ಮರಳು. ವಿಮಾನ ಇಳಿದರೆ ಇಂಧನ ತುಂಬಿ, ಪರೀಕ್ಷಿಸಿ, ಕೆಲವೇ ನಿಮಿಷದಲ್ಲಿ ಮತ್ತೆ ಕಳಿಸಬೇಕು. ಪರೀಕ್ಷಿಸಿದವನು ಪುಸ್ತಕದಲ್ಲಿ ಸಹಿ ಹಾಕಿದ ಮೇಲೆ, ಅದರ ಕೆಳಗೆ ತಾನೂ ಸಹಿ ಹಾಕಿ ಪೈಲಟ್ ವಿಮಾನ ಹತ್ತುವುದು ಪದ್ಧತಿ. ಎರಡು ದಿನ ನಿದ್ದೆಗೆಟ್ಟಿದ್ದ ಮಾಮ ತಮ್ಮ ಪಾಲಿನ ಒಂದು ವಿಮಾನವನ್ನು ತಾವು ನೋಡಲಿಲ್ಲ. ಜೊತೆಗಾರ "ನಾನು ನೋಡಿದೀನಿ, ನೀನು ಸೈನ್ ಹಾಕು" ಎಂದ. ಹಾಕಿದರು.

"ಆ ಪೈಲಟ್ ಹುಡುಗ ಪುಸ್ತಕ ಓದ್ಲೇ ಇಲ್ಲಮ್ಮ. ನನ್ನ ಮುಖ ನೋಡಿ ನಕ್ಕ. ನನ್ನ ಸೈನ್ ಕೆಳಗೆ ಅವನದು ಹಾಕಿ ಹೋದ. ವಾಪಸ್ ಬರ್ಲಿಲ್ಲ."

"ನಿಮ್ಮಿಂದಾನೇ ಬಿತ್ತಾ ಮಾಮ?"

"ಶತ್ರು ಹೊಡೆದ ಅಂತ ಬರೆದ್ರು. ಇರಬಹುದು. ನಾನು ವಿಮಾನ ನೋಡಿದ್ದಿದ್ರೆ ತಾನೆ ನಂಗೆ ಗೊತ್ತಿರೋದು?"

ಅಂಥ ಪ್ರಶ್ನೆ ಕೇಳಿದೆನಲ್ಲ ಎಂದು ಇಂದಿಗೂ ನಾಚಿಕೆಯಾಗುತ್ತದೆ. ಮರುದಿನದಿಂದ ಒಂದೊಂದು ಪೆಟ್ಟಿಗೆಯನ್ನೂ ನೋಡಿಯೇ ಸಹಿ ಹಾಕಿದೆ. ಸೂಪರ್‌ವೈಸರ್ ಬೈದ, ಗೆಳತಿಯರು ಮುಖ ತಿರುಗಿಸಿದರು, ಆದರೆ ಕೆಲಸವೇನೂ ಹೋಗಲಿಲ್ಲ. ಸಂಜೆ ನಾನು ಬರುವಾಗ ಮಾಮ ಗೇಟಿನ ಹತ್ತಿರ ನಿಂತು "ಎಲ್ಲಾ ನೋಡಿದ್ಯಾ?" ಎನ್ನುತ್ತಿದ್ದರು. ನಾನು ತುಟಿ ಚೆನ್ನಾಗಿ ಆಡಿಸಿ "ನೋಡ್ದೆ ಮಾಮ" ಎಂದರೆ ಒಳಗೆ ಹೋಗುತ್ತಿದ್ದರು.

ಎಂಬತ್ತೇಳರಲ್ಲಿ ಅವರನ್ನು ಆಸ್ಪತ್ರೆಗೆ ಸೇರಿಸಿದೆವು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದು ಕೇಳಿದರು:

"ನಾನು ಚೀಟಿ ಹರಿದುಹಾಕೋಕೆ ಮುಂಚೆ ಹೋಗಿದ್ವಲ್ಲ, ಆ ಪೆಟ್ಟಿಗೆಗಳು ಏನಾದ್ವು?"

"ಯಾರೂ ಏನೂ ಹೇಳಿಲ್ಲ ಮಾಮ."

"ನಂಗೂ ಯಾರೂ ಏನೂ ಹೇಳ್ಲಿಲ್ಲ" ಎಂದರು.

ಮೂರನೆಯ ದಿನ ಹೋಗಿಬಿಟ್ಟರು. ಅವರು ತಡೆಯದಿದ್ದರೆ ಇನ್ನೆಷ್ಟು ಚೀಟಿಗೆ ಹಾಗೆ ಸಹಿ ಹಾಕುತ್ತಿದ್ದೆನೋ. ಆ ಋಣ ದೊಡ್ಡದು. ಆದರೆ ಇಸ್ತ್ರಿ ಮಾಡುವಾಗ ಶಾಕ್ ಹೊಡೆದು ಯಾರೋ ಸತ್ತರೆಂಬ ಸುದ್ದಿ ಪೇಪರಿನಲ್ಲಿ ಕಂಡಾಗಲೆಲ್ಲ, ಯಾವ ಕಂಪನಿಯ ಪೆಟ್ಟಿಗೆ ಎಂದು ಕೊನೆಯ ಸಾಲಿನವರೆಗೂ ಹುಡುಕುತ್ತೇನೆ. ಪೇಪರಿನವರು ಅದನ್ನು ಬರೆಯುವುದಿಲ್ಲ.