ನಂದಲ್ಲದ ಐದು ವರ್ಷ

2016ರ ಫೆಬ್ರವರಿ ಹೊತ್ತಿಗೆ ನನಗೆ ಈ ದೇಶದಲ್ಲಿ ಕೆಲಸ ಸಿಗಲ್ಲ ಅಂತ ಖಾತ್ರಿ ಆಗೋಗಿತ್ತು. ನಾನು ಸುಮಾ, ರೆಂಟನ್‌ನಲ್ಲಿದೀನಿ. ಬರೆದು ಅಭ್ಯಾಸ ಇಲ್ಲ, ಮಾತಾಡೋ ಹಾಗೇ ಟೈಪ್ ಮಾಡ್ತಿದೀನಿ. ಆದ್ರೆ ತಾಯಿ ಚೌಡೇಶ್ವರಿ ನನಗೆ ಮಾಡಿದ್ದನ್ನ ನಿಮಗೆಲ್ಲ ಹೇಳ್ದೇ ಇರಕ್ಕಾಗ್ತಿಲ್ಲ.

ತಿಪಟೂರಲ್ಲಿ ಬಿ.ಕಾಂ. ಮುಗಿಸಿ, ತಕ್ಷಣ ಮದ್ವೆ ಆಗಿ ಇಲ್ಲಿಗೆ ಬಂದೋಳು ನಾನು. ಗಂಡನ ವೀಸಾದ ಮೇಲೆ ಬಂದಿರೋ ನಮ್ಮಂಥ ಹೆಂಡ್ತಿಯರಿಗೆ ಕೆಲಸದ ಪರ್ಮಿಟ್ ಕೊಡೋಕೆ ಆಗ್ತಾನೇ ಶುರು ಮಾಡಿದ್ರು. ನಾನು ಒಂದೂವರೆ ವರ್ಷ ಲೈಬ್ರರಿಲಿ ಕೂತು, ವಿಡಿಯೋ ನೋಡ್ಕೊಂಡು ಪ್ರೋಗ್ರಾಮಿಂಗ್ ಕಲ್ತಿದ್ದೆ. ಹುಚ್ಚು ಹಿಡಿದಂಗೆ ಕಲ್ತೆ, ಎಷ್ಟೋ ಸಲ ಸಾರು ತಳ ಹಿಡಿಸಿದೀನಿ.

ಆದ್ರೆ ಇಲ್ಲಿ ಈಗ ರೆಸ್ಯೂಮೆನ ಮೊದ್ಲು ಓದೋದು ಮನುಷ್ಯರಲ್ಲ, ಕಂಪ್ಯೂಟರ್. ಎಷ್ಟು ವರ್ಷದ ಅನುಭವ ಅನ್ನೋ ಕಡೆ ಸೊನ್ನೆ ಹಾಕಿ ಕಳಿಸಿದ್ರೆ, ಟೀ ಕುದಿಯೋದ್ರೊಳಗೆ ಇಲ್ಲ ಅಂತ ಮೇಲ್ ಬಂದಿರೋದು. ಹೊಸಬರಿಗೆ ಅಂತ ಮೇಲೆ ಬರ್ದಿರ್ತಾರೆ, ಕೆಳಗೆ ನೋಡಿದ್ರೆ ಮೂರು ವರ್ಷ ಅನುಭವ ಬೇಕು ಅಂತಿರುತ್ತೆ.

ಪಕ್ಕದ ಮನೆಯವ್ರು ಕೆಲಸ ಕೊಡಿಸೋ ಒಂದು ಕನ್ಸಲ್ಟೆನ್ಸಿ ನಂಬರ್ ಕೊಟ್ರು. ಅಲ್ಲಿ ಸತೀಶ್ ಅಂತ, ತೆಲುಗೋರು. ಎರಡೇ ದಿನದಲ್ಲಿ ಹೊಸ ರೆಸ್ಯೂಮೆ ಮಾಡಿ ಕಳಿಸಿದ್ರು. ಹೆಸ್ರು ನಂದು, ಮಿಕ್ಕಿದ್ದು ಇನ್ಯಾರದೋ. ಬೆಂಗಳೂರಲ್ಲಿ ಐದು ವರ್ಷ ಇನ್ಶೂರೆನ್ಸ್ ಸಾಫ್ಟ್‌ವೇರ್ ಟೆಸ್ಟ್ ಮಾಡಿದೀನಂತೆ. ಇದು ಸುಳ್ಳಲ್ವಾ ಅಂದೆ. ‘ಎಲ್ಲಾರೂ ಹೀಗೇ ಅಮ್ಮಾ, ನೀವೊಬ್ರೇ ಸಾಚಾ ಆಗಿ ಮನೇಲಿ ಕೂತ್ಕೋತೀರಾ?’ ಅಂದ್ರು.

ನಮ್ಮನೆಯವ್ರು ಅದನ್ನ ಓದಿ ನಕ್ಕಿದ್ದೇ ನಕ್ಕಿದ್ದು. ‘ಪಿಯುಸಿ ಓದ್ತಾನೇ ಆಫೀಸಿಗೂ ಹೋಗ್ತಿದ್ಯೇನೇ?’ ಅಂದ್ರು. ಆಮೇಲೆ ನಗು ನಿಲ್ಲಿಸಿ, ಇದು ಸಿಕ್ಕಿಬಿದ್ರೆ ಇಬ್ರೂ ಗಂಟುಮೂಟೆ ಕಟ್ಬೇಕಾಗುತ್ತೆ, ಯೋಚ್ನೆ ಮಾಡು ಅಂತ ಹೇಳಿ ನನಗೇ ಬಿಟ್ಟುಬಿಟ್ರು.

ಅಮ್ಮಂಗೆ ಫೋನ್ ಮಾಡ್ದೆ. ಚೌಡೇಶ್ವರಿ ತಾಯಿ ಹತ್ರ ಹೂ ಕೇಳು ಅಂದ್ಳು. ಗೊತ್ತಲ್ಲ, ಬಲಕ್ಕೆ ಬಿದ್ರೆ ಆಗ್ಲಿ ಅಂತ, ಎಡಕ್ಕೆ ಬಿದ್ರೆ ಬೇಡ ಅಂತ. ಅಂಗಡಿಯಿಂದ ಸೇವಂತಿಗೆ ತಂದು, ಒದ್ದೆ ಮಾಡಿ ತಾಯಿ ಫೋಟೋ ಎರಡೂ ಕಡೆ ಅಂಟಿಸಿ, ಈ ರೆಸ್ಯೂಮೆ ಕಳಿಸ್ಲಾ ತಾಯಿ ಅಂತ ಕೇಳ್ದೆ. ಎಡಗಡೇದು ಬಿತ್ತು.

ನಾನೇನ್ ಮಾಡ್ದೆ ಗೊತ್ತಾ? ಹೀಟರ್ ಗಾಳಿಗೆ ಬಿತ್ತು ಅಂದ್ಕೊಂಡೆ. ಹೀಟರ್ ಆಫ್ ಮಾಡಿ, ಹೂ ಮತ್ತೆ ಅಂಟಿಸಿ ಎರಡನೇ ಸಲ ಕೇಳ್ದೆ. ಹಾಗೆ ಕೇಳ್ಬಾರ್ದು ಅಂತ ಗೊತ್ತಿದ್ದೂ ಕೇಳ್ದೆ. ಯಾವ ಹೂವೂ ಬೀಳ್ಲಿಲ್ಲ. ಬೇಡ ಅಂದಿಲ್ವಲ್ಲ ಅಂದ್ಕೊಂಡು, ಕಂಪನಿಗಳಿಗೆ ಕಳಿಸಿ ಅಂತ ಸತೀಶ್‌ಗೆ ಹೇಳ್ಬಿಟ್ಟೆ.

ಮಾರ್ಚಲ್ಲಿ ಒಂದು ಗುರುವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ಇಂಟರ್ವ್ಯೂ. ಒಂದು ವಾರದಿಂದ ಆ ಸುಳ್ಳನ್ನ ಮಗ್ಗಿ ಥರ ಬಾಯಿಪಾಠ ಮಾಡಿದ್ದೆ. ದೀಪ ಹಚ್ಚಿ, ಹೇಗಾದ್ರೂ ಕೆಲಸ ಕೊಡ್ಸು ತಾಯಿ ಅಂತ ಬೇಡ್ಕೊಂಡೆ. ಫೋನ್ ಮಾಡಿದ್ದು ಕಂಪನಿ ಕಡೆಯಿಂದ ನ್ಯಾನ್ಸಿ ಅಂತ ಒಬ್ಬ ಹೆಂಗಸು. ಮೊದಲನೇ ಪ್ರಶ್ನೆನೇ ಆ ಇನ್ಶೂರೆನ್ಸ್ ಪ್ರಾಜೆಕ್ಟ್ ಬಗ್ಗೆ.

ಬಾಯಿ ತೆಗೆದೆ. ಬಂದಿದ್ದು ಬಾಯಿಪಾಠ ಮಾಡಿದ್ದಲ್ಲ. ‘ಆ ಐದು ವರ್ಷ ನಂದಲ್ಲ ಮೇಡಂ. ನಾನು ಎಲ್ಲೂ ಕೆಲಸ ಮಾಡಿಲ್ಲ. ಕ್ಷಮಿಸಿ.’

ಫೋನ್ ಇಟ್ಟುಬಿಡ್ತಾರೆ ಅಂದ್ಕೊಂಡೆ. ಅವ್ರು ನಿಧಾನಕ್ಕೆ ಹೇಳಿದ್ರು, ‘ಈ ತಿಂಗಳು ಇದೇ ಪ್ರಾಜೆಕ್ಟ್ ಇರೋ ನಾಲ್ಕನೇ ರೆಸ್ಯೂಮೆ ಇದು. ಒಂದಕ್ಷರಾನೂ ಬದಲಾಗಿಲ್ಲ. ಮಿಕ್ಕ ಮೂರು ಜನ ನಾವೇ ಮಾಡಿದ್ದು ಅಂದ್ರು. ನಿಮ್ಮೆಲ್ಲರ ಮೇಲೆ ಕಂಪ್ಲೇಂಟ್ ಬರೆಯೋ ಮುಂಚೆ ನಿಮ್ಮನ್ನೂ ಕೇಳೋಣ ಅಂತ ಫೋನ್ ಮಾಡಿದೆ.’

ಹಾಗೇ ನೆಲದ ಮೇಲೆ ಕೂತ್ಬಿಟ್ಟೆ. ನಾನು ಬಾಯಿಪಾಠ ಒಪ್ಪಿಸೋದನ್ನೇ ಅವ್ರು ಕಾಯ್ತಾ ಇದ್ರು.

ಸರಿ, ನಿಜವಾಗ್ಲೂ ಏನ್ ಬರುತ್ತೆ ಹೇಳಿ ಅಂದ್ರು. ಬಸ್ ಟೈಮ್ ತೋರ್ಸೋಕೆ ನಾನೇ ಮಾಡ್ಕೊಂಡಿದ್ದ ಒಂದು ಪೇಜ್ ಬಗ್ಗೆ ಶುರು ಮಾಡ್ದೆ. ಅದು ಎಲ್ಲೆಲ್ಲಿ ಕೆಟ್ಟಿತ್ತು, ಹೇಗೆ ಕಂಡುಹಿಡಿದೆ, ಎಲ್ಲಾ. ನಲವತ್ತು ನಿಮಿಷ ಆಗಿದ್ದೇ ಗೊತ್ತಾಗ್ಲಿಲ್ಲ. ಕೊನೇಲಿ ಅವ್ರು, ಈ ಕೆಲಸ ನಿಮಗೆ ಕೊಡಕ್ಕಾಗಲ್ಲ, ಆದ್ರೆ ಯೂನಿವರ್ಸಿಟಿ ಡಿಸ್ಟ್ರಿಕ್ಟ್ ಅನ್ನೋ ಏರಿಯಾದಲ್ಲಿ ನನ್ನ ಸ್ನೇಹಿತರದ್ದು ಸಾಫ್ಟ್‌ವೇರ್ ಮಾಡೋ ಒಂದು ಚಿಕ್ಕ ಲ್ಯಾಬ್ ಇದೆ, ಹೊಸಬರನ್ನ ಟೆಸ್ಟ್ ಮಾಡಿ ತಗೋತಾರೆ, ನಿಮ್ಮ ನಿಜವಾದ ರೆಸ್ಯೂಮೆ ನನಗೆ ಕಳ್ಸಿ ಅಂದ್ರು. ಒಂದೇ ಪುಟ ಇತ್ತು. ಕಳ್ಸಿದೆ.

ಎರಡು ವಾರ ಬಿಟ್ಟು ಬಸ್ ಹಿಡ್ಕೊಂಡು ಹೋದೆ. ಮೂರು ಗಂಟೆ ಟೆಸ್ಟ್. ಅವರ ಸಾಫ್ಟ್‌ವೇರಲ್ಲಿ ಅವ್ರಿಗೇ ಗೊತ್ತಿಲ್ಲದ ಒಂದು ತಪ್ಪು ನನ್ನ ಕಣ್ಣಿಗೆ ಬಿತ್ತು. ಆ ವರ್ಷದ ಮೇ ತಿಂಗಳಿಂದ ಅಲ್ಲೇ ಕೆಲಸ ಮಾಡ್ತಿದೀನಿ.

ತಾಯಿ ಬೇಡ ಅಂದಿದ್ದನ್ನ ಮಾಡ್ದೋಳು ನಾನು. ಅವಳು ಕೈಬಿಟ್ಟಿದ್ರೆ ತಪ್ಪು ಅಂತ ಯಾರೂ ಅಂತಿರ್ಲಿಲ್ಲ. ನೀನು ಫೋನಲ್ಲಿ ಹೇಗೆ ಅಷ್ಟು ಧೈರ್ಯ ಮಾಡ್ದೆ ಅಂತ ನಮ್ಮನೆಯವ್ರು ಈಗ್ಲೂ ಕೇಳ್ತಾರೆ. ನಾನು ಧೈರ್ಯ ಮಾಡ್ಲೇ ಇಲ್ಲ ಕಣ್ರೀ, ಸುಳ್ಳು ಹೇಳೋಕೇ ಬಾಯಿ ತೆಗೆದಿದ್ದೆ ಅಂತೀನಿ. ಆಮೇಲೆ ತಾಯಿ ಫೋಟೋ ಕಡೆ ತಿರುಗಿ ಕೈ ಮುಗೀತೀನಿ.