ಬೆರಳು ಗುರುತಿಸದ ಪೆಟ್ಟಿಗೆ

ಅಮೆರಿಕದ ಆರ್ಕನ್ಸಾ ರಾಜ್ಯದ ನಮ್ಮೂರಿನ ಕೋಳಿ ಕಾರ್ಖಾನೆಯಲ್ಲಿ ವರ್ನೀಸ್ ಟ್ಯಾಕೆಟ್ ಆಯುಷ್ಯವೆಲ್ಲ ಕೋಳಿ ಕತ್ತರಿಸಿದವಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ಇದ್ದಳು. ಪಕ್ಕದ ಮನೆಗೆ ಕಳ್ಳರು ನುಗ್ಗಿದ ವಾರವೇ ಬಂದೂಕಿನ ಅಂಗಡಿಗೆ ಹೋಗಿ, ಜೀವನದಲ್ಲಿ ಮೊದಲ ಸಲ ಒಂದು ಪಿಸ್ತೂಲು ಕೊಂಡಳು. ಅಂಗಡಿಯ ಡ್ವೇನ್ ಅದಕ್ಕೆ ಸಿಕ್ಕಿಸುವ ಟಾರ್ಚು, ಕೆಂಪು ಚುಕ್ಕೆ ಬೀರುವ ಲೇಸರ್, ಸೊಂಟಕ್ಕೆ ಕಟ್ಟುವ ಚರ್ಮದ ಚೀಲ ಎಲ್ಲವನ್ನೂ ಮುಂದೆ ಹರಡಿದ. ಅವಳು ಅದ್ಯಾವುದನ್ನೂ ಮುಟ್ಟಲಿಲ್ಲ. ಪಿಸ್ತೂಲು ಇಡಲು, ಬೆರಳಿಟ್ಟರೆ ತೆರೆಯುವ ಉಕ್ಕಿನ ಪೆಟ್ಟಿಗೆ ಕೇಳಿದಳು.

ಪೆಟ್ಟಿಗೆ ಅವಳ ಒಂದು ಬೆರಳನ್ನೂ ಗುರುತಿಸಲಿಲ್ಲ. ಕಾರ್ಖಾನೆಯ ತಣ್ಣೀರು, ಕ್ಲೋರಿನ್ನು ಬೆರಳ ಗೆರೆಗಳನ್ನು ಎಂದೋ ಸವೆಸಿಬಿಟ್ಟಿದ್ದವು.

"ಕೋಳಿಗಳು ಸೇಡು ತೀರಿಸ್ಕೊಂಡ್ವು ನೋಡು," ಎಂದಳು ವರ್ನೀಸ್. "ಬೀಗದ ಕೈ ಇರೋದು ಕೊಡು, ಕೊರಳಿಗೆ ಹಾಕ್ಕೋತೀನಿ."

"ಅಲ್ಲ ವರ್ನೀಸಮ್ಮ, ನೀವು ಕತ್ತಲಲ್ಲಿ ಬೀಗ ತಡಕೋ ಅಷ್ಟರಲ್ಲಿ ಕಳ್ಳ ಮಂಚದ ಹತ್ರಾನೇ ಬಂದಿರ್ತಾನೆ! ಎಲ್ಲರ ಹಾಗೆ ಮಂಚದ ಪಕ್ಕದ ಡ್ರಾಯರಲ್ಲಿ ಇಟ್ಕೊಳ್ಳಿ."

"ಕಳ್ಳ ಬರ್ತಾನೋ ಇಲ್ವೋ, ಯಾರಿಗ್ಗೊತ್ತು ಡ್ವೇನ್? ಮೊಮ್ಮಕ್ಕಳು ಪ್ರತಿ ಭಾನುವಾರ ಬರ್ತಾರೆ. ಬಂದವರೇ ಪೆಪ್ಪರ್‌ಮಿಂಟ್ ಹುಡ್ಕೋದು ಅದೇ ಡ್ರಾಯರಲ್ಲಿ."